ರ‍್ಯಾಮ್ ಚೆನ್ನಾಗಿಯೇ ಇತ್ತು, ಅಕ್ಕಾ

ಜಬೀನಾ ಅಕ್ಕಾ,

ನೀವು ಹೋಗಿ ಏಳು ತಿಂಗಳಾಯಿತು. ಹೊನ್ನಾಳಿಯಲ್ಲಿ ನಿಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಬಸ್ಸು ಹಾಯುವಾಗ ಈಗಲೂ ನಾನು ಆ ಕಡೆ ನೋಡುವುದಿಲ್ಲ. ಮೊಬೈಲಿನಲ್ಲಿ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸುತ್ತೇನೆ. ಶಟರ್ ಇಳಿದಿರುತ್ತದೆ, ಗೊತ್ತು. ಆದರೂ ನೀವು ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದು, "ಏನೋ ರುದ್ರೇಶ, ಕಂಡರೂ ಕಾಣದಂಗೆ ಹೊಂಟಿದ್ದೀಯಾ?" ಅಂದುಬಿಟ್ಟರೆ? ಸತ್ತವರಿಗೆ ಹೆದರುವ ವಯಸ್ಸಲ್ಲ ನನ್ನದು. ನಿಮಗೆ ಮಾತ್ರ ಹೆದರುತ್ತೇನೆ.

ಕೆಲಸ ಕಲಿಯಲು ಬಂದ ಮೊದಲ ದಿನ ನೀವು ನನ್ನ ಕೈಗೆ ಕೊಟ್ಟದ್ದು ಪೆನ್ಸಿಲ್ ಅಳಿಸುವ ರಬ್ಬರ್. ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಕಿತ್ತು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ತಿಕ್ಕು ಅಂದಿರಿ. ನಾನು ಮುಖ ಸಿಂಡರಿಸಿದೆ. ತಿಕ್ಕಿ ಹಾಕಿದ ಮೇಲೆ ಸತ್ತಿದ್ದ ಕಂಪ್ಯೂಟರ್ ಎದ್ದು ಕೂತಿತು. ಆದರೆ ಅದಕ್ಕೂ ಮೊದಲು ನೀವು ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು. ಯಾರೇ ಮಷೀನ್ ತರಲಿ, ಸ್ಕ್ರೂ ಬಿಚ್ಚುವ ಮುಂಚೆ ಅವರ ಮುಖ ನೋಡಿ ಕೇಳುತ್ತಿದ್ದಿರಿ: "ನೀವೇನಾದ್ರೂ ಒಳಗೆ ಕೈ ಹಚ್ಚಿದ್ರೇನ್ರೀ? ಹಚ್ಚಿದ್ರೆ ಹೇಳಿಬಿಡ್ರಿ, ನಾನೇನೂ ಬೈಯಲ್ಲ." ಹೇಳಿದವರನ್ನು ನೀವು ಬೈದದ್ದು ನಾನು ಕಂಡಿಲ್ಲ. ಆದರೂ ನನಗೆ ಯಾಕೆ ಬಾಯಿ ಬರಲಿಲ್ಲ?

ನ್ಯಾಮತಿಯಲ್ಲಿ ನಾನು ಮಿಕ್ಸಿಂಗ್ ಅಂಗಡಿ ಹಾಕಿದಾಗ ಕಂಪ್ಯೂಟರ್ ಜೋಡಿಸಿಕೊಟ್ಟವರು ನೀವು. ಫೋಟೋಗ್ರಾಫರುಗಳು ಶೂಟ್ ಮಾಡಿ ತಂದ ಮದುವೆ ವಿಡಿಯೋ ಕತ್ತರಿಸಿ ಕೂಡಿಸುವುದು, ಆಲ್ಬಮ್ ಪುಟ ಮಾಡುವುದು, ಅಷ್ಟೇ ಕೆಲಸ. ಒಂದು ವರ್ಷ ಮಷೀನ್ ಏನೂ ತಕರಾರು ಮಾಡಲಿಲ್ಲ. ಆಮೇಲೆ ಕ್ಯಾಮೆರಾಗಳು ದೊಡ್ಡವಾದವು, ಫೈಲುಗಳು ಭಾರವಾದವು. ಒಂದು ದಿನ ಮೊಬೈಲಿನ ವಿಡಿಯೋದಲ್ಲಿ ಯಾರೋ ಒಬ್ಬ ತೋರಿಸಿದ: ಮಷೀನ್ ಆನ್ ಆಗುವಾಗಲೇ ಡಿಲೀಟ್ ಕೀ ಒತ್ತಿ ಒಳಗಿನ ಸೆಟ್ಟಿಂಗಿಗೆ ಹೋಗಿ, ಇದೊಂದನ್ನು ಆನ್ ಮಾಡಿ, ರ‍್ಯಾಮ್ ಮಾಮೂಲಿಗಿಂತ ಜೋರಾಗಿ ಓಡುತ್ತದೆ. ಮಾಡಿದೆ. ನಿಜಕ್ಕೂ ಓಡಿತು. ಅಕ್ಕನಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಯಿತು ಎಂದು ಒಳಗೊಳಗೇ ಬೀಗಿದೆ.

ಬೇಸಿಗೆ ಬಂತು, ಮಷೀನ್ ಇದ್ದಕ್ಕಿದ್ದಂತೆ ನಿಂತು ಪರದೆಯೆಲ್ಲ ನೀಲಿಯಾಗುವುದೂ ಶುರುವಾಯಿತು. ಜಗಳೂರಿನ ಸ್ಟುಡಿಯೋ ಓಬಳೇಶಣ್ಣ ಕೊಟ್ಟಿದ್ದ ಬಿಳಿಚೋಡಿನ ಮದುವೆ ಕೆಲಸ ನಡೆದಿತ್ತು. ಒಮ್ಮೆ ಧಾರೆಯ ಹತ್ತಿರ ನಿಲ್ಲುತ್ತಿತ್ತು, ಒಮ್ಮೆ ಊಟದ ಸಾಲಿನಲ್ಲಿ, ಒಮ್ಮೆ ನಾನು ಚಹಾ ಕುಡಿಯುತ್ತ ಸುಮ್ಮನೆ ಕೂತಿದ್ದಾಗ. ಆಲ್ಬಮ್ ಪುಟದಲ್ಲಿ ಮದುಮಗಳ ಕೆನ್ನೆಯ ಮೇಲೆ ಅಡ್ಡಡ್ಡ ಹಸಿರು ಪಟ್ಟಿ. ನಿಮಗೆ ಫೋನ್ ಮಾಡಿದೆ. ಬಸ್ಸು ಹತ್ತಿ ಬಂದಿರಿ, ಬಂದವರೇ ಕೇಳಿದಿರಿ: "ಕೈ ಹಚ್ಚಿದ್ಯೇನೋ?"

"ಇಲ್ಲಕ್ಕ."

ನಿಮ್ಮ ಕೈಯಲ್ಲಿ ಕಲಿತವನು ಮೊಬೈಲ್ ನೋಡಿ ಕೈ ಹಚ್ಚಿದೆ ಎನ್ನಲು ನಾಚಿಕೆ. ಅಷ್ಟೇ ಇದ್ದದ್ದು. ನೀವು ಮಷೀನ್ ಹೊನ್ನಾಳಿಗೆ ಒಯ್ದು, ಒಳಗಿನ ಬಿಲ್ಲೆ ಬ್ಯಾಟರಿ ತೆಗೆದು ಹಾಕಿದಿರಿ. ಹಾಗೆ ಮಾಡಿದರೆ ಅದು ಹಾಕಿಸಿಕೊಂಡ ಸೆಟ್ಟಿಂಗುಗಳನ್ನೆಲ್ಲ ಮರೆಯುತ್ತದೆ. ನಿಮ್ಮ ಮೇಜಿನ ಮೇಲೆ ಮೂರು ದಿನ ನಿಲ್ಲದೆ ಓಡಿತು. ಸರಿಯಾಯಿತೆಂದು ಕಳಿಸಿದಿರಿ. ನನಗೆ ನಿಧಾನ ಅನ್ನಿಸಿತು, ಒಳಗೆ ಹೋಗಿ ಮತ್ತೆ ಆನ್ ಮಾಡಿದೆ. ಮತ್ತೆ ನೀಲಿ. ಆಗ ನೀವು ನಿಮ್ಮ ಕೈಯಿಂದ ಹೊಸ ರ‍್ಯಾಮ್ ಹಾಕಿ, ಹಳೆಯವನ್ನು ತೆಗೆದುಕೊಂಡು ಹೋದಿರಿ. ಹೊಸದು ಹಾಕಿದ ಮೇಲೂ ಮಷೀನ್ ನಿಂತಾಗ ನನಗೆ ಹೊಳೆಯಬೇಕಿತ್ತಲ್ಲವೇ? ಹೊಳೆದಿತ್ತು ಅಕ್ಕಾ. ಹೊಳೆದದ್ದನ್ನು ನಾನೇ ಅಲ್ಲಲ್ಲ ಎಂದು...

ಕೊನೆಯ ಸಲ ನೀವು ಬಂದ ದಿನ ನೆನಪಿದೆಯೇ? ಮಷೀನ್ ಆನ್ ಮಾಡಿ ಡಿಲೀಟ್ ಕೀ ಒತ್ತತೊಡಗಿದಿರಿ. ಇನ್ನು ಎರಡು ಕ್ಷಣ ಬಿಟ್ಟರೆ ನನ್ನ ಸೆಟ್ಟಿಂಗ್ ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ನಾನು ಬಗ್ಗಿ ಗೋಡೆಯ ಸ್ವಿಚ್ ಆರಿಸಿದೆ. "ಸಾಕು ಬಿಡ್ರಕ್ಕ, ಮುಟ್ಟಿದಷ್ಟೂ ಕೆಡ್ತೈತೆ" ಅಂದೆ. ನೀವು ಕಪ್ಪಾದ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಸಿಟ್ಟಿನಾಗೆ ಇದ್ದೀಯ. ಕೆಲಸದ ಗಡಿಬಿಡಿ ಮುಗೀಲಿ, ಆಮೇಲೆ ನೋಡಾಣ" ಎಂದು ಚೀಲ ಹೆಗಲಿಗೇರಿಸಿದಿರಿ.

ಮುಂದಿನದ್ದನ್ನು ನಿಮಗೆ ಬಿಡಿಸಿಯೇ ಬರೆಯಬೇಕು. ಯಾಕೆಂದು ನನಗೂ ನಿನ್ನೆಯಷ್ಟೇ ತಿಳಿಯಿತು. ಆ ಸಂಜೆ ಓಬಳೇಶಣ್ಣ ಕೆಲಸ ಎಲ್ಲಿಗೆ ಬಂತೆಂದು ಜೋರು ಮಾಡಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಫೋಟೋಗ್ರಾಫರುಗಳೆಲ್ಲ ಇರುವ ವಾಟ್ಸಾಪ್ ಗ್ರೂಪಿನಲ್ಲಿ ನಾನು ಹೀಗೆ ಹಾಕಿದೆ: ಹೊನ್ನಾಳಿ ಅಕ್ಕ ಹೊಸದೆಂದು ಹಳೆಯ ರ‍್ಯಾಮ್ ಹಾಕಿಕೊಡುತ್ತಾರೆ, ನನ್ನ ಮಷೀನ್ ಹಾಳಾಗಿದೆ, ಹುಷಾರು. ಕ್ಯಾಮೆರಾ ಹಿಡಿಯದ ನೀವು ಆ ಗ್ರೂಪಿನಲ್ಲಿ ಇರಲಿಲ್ಲ. ನಿಮ್ಮ ಅಂಗಡಿಗೆ ಮಷೀನುಗಳು ಬರುವುದು ನಿಂತಿತು. ಎರಡು ತಿಂಗಳಿಗೆ ಎದೆನೋವು ಬಂದು ನೀವೂ ನಿಂತಿರಿ.

ಮಣ್ಣಿಗೆ ಬಂದಿದ್ದೆ, ಹಿಂದೆ ನಿಂತಿದ್ದೆ. ಅಲ್ಲಿಂದ ಬಂದ ಮೇಲೆ ಗ್ರೂಪಿನಲ್ಲಿ, ನೀನು ಅವರ ಶಿಷ್ಯ, ಒಂದು ಶ್ರದ್ಧಾಂಜಲಿ ಚಿತ್ರ ಮಾಡಿ ಹಾಕು ಅಂದರು. ನಿಮ್ಮ ಫೋಟೋ ತೆರೆದೆ. ನೀಲಿ. ಇನ್ನೊಮ್ಮೆ ಮಾಡಿ ಉಳಿಸಿ ತೆರೆದರೆ ನಿಮ್ಮ ಕಣ್ಣುಗಳ ಮೇಲೆ ಆ ಹಸಿರು ಪಟ್ಟಿ. ಕುರ್ಚಿಯಿಂದ ಎದ್ದು ಹೊರಗೆ ಬಂದುಬಿಟ್ಟೆ. ಆಮೇಲೆ ಪ್ರತಿ ಸಲ ಮಷೀನ್ ನಿಂತಾಗಲೂ ನೀವು ಬಂದಿರಿ ಅನ್ನಿಸತೊಡಗಿತು. ಡಿಲೀಟ್ ಕೀ ಮೇಲೆ ಬೆರಳಿಡಲು ಹೋದರೆ ಅಲ್ಲಿ ಮೊದಲೇ ಯಾರದೋ ಬೆರಳು ಇದ್ದ ಹಾಗೆ. ಹೆಂಡತಿ, "ದೇವಸ್ಥಾನಕ್ಕೆ ಹೋಗಿ ತಾಯ್ತ ಕಟ್ಟಿಸ್ಕೊಂಡ್ ಬರ್ರಿ" ಅಂದಳು. ಯಾವ ದೇವಸ್ಥಾನದಲ್ಲಿ ಏನೆಂದು ಹೇಳಿ ಕಟ್ಟಿಸಿಕೊಳ್ಳಲಿ?

ಕಳೆದ ಅಮಾವಾಸ್ಯೆಯ ದಿನ ಮದುವೆ ಕೆಲಸ ಇರಲಿಲ್ಲ. ನಿಮ್ಮ ತಂಗಿ ಶಮಾಳ ಮನೆಗೆ ಹೋಗಿ ಆ ಹಳೆಯ ರ‍್ಯಾಮ್ ಕೇಳಿದೆ. ಒಂದು ಕವರಿನ ಮೇಲೆ ನನ್ನ ಹೆಸರು ಬರೆದು ಇಟ್ಟಿದ್ದಿರಂತೆ. ತಂದು, ನೀವೇ ಕಲಿಸಿದ ಪ್ರಕಾರ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಂ ಹಾಕಿದೆ. ನನ್ನ ಸೆಟ್ಟಿಂಗ್ ಆನ್ ಇದ್ದಾಗ ಹತ್ತು ನಿಮಿಷಕ್ಕೆ ಪರದೆ ತುಂಬ ತಪ್ಪುಗಳ ಕೆಂಪು ಸಾಲು. ಆಫ್ ಮಾಡಿದೆ. ಆ ರಾತ್ರಿಯಿಡೀ ಓಡಿಸಿದೆ. ಒಂದೇ ಒಂದು ತಪ್ಪಿಲ್ಲ. ನೀವು ಹಾಕಿದ ಹೊಸದನ್ನೂ ಮರುದಿನ ಹಾಗೇ ನೋಡಿದೆ, ಅದೇ ಫಲ. ಮಷೀನಿನೊಳಗಿನ ಮುಖ್ಯ ಬೋರ್ಡಿಗೆ ಆ ವೇಗ ತಡೆಯಲು ಆಗುತ್ತಿರಲಿಲ್ಲ, ಅಷ್ಟೇ. ರ‍್ಯಾಮ್ ಚೆನ್ನಾಗಿಯೇ ಇತ್ತು ಅಕ್ಕಾ, ಹಳೆಯದೂ, ಹೊಸದೂ. ಅಂದಿನಿಂದ ಮಷೀನ್ ಒಮ್ಮೆಯೂ ನಿಂತಿಲ್ಲ. ಹೆದರಿಕೆ ಮಾತ್ರ ಹಾಗೇ ಇದೆ.

ಗ್ರೂಪಿನಲ್ಲಿ ನಡೆದದ್ದೆಲ್ಲ ಬರೆದು ಹಾಕಿದೆ. ಇಬ್ಬರು ಕೈಮುಗಿದ ಚಿತ್ರ ಒತ್ತಿದರು. ಅದರ ಕೆಳಗೇ ಯಾರೋ ಡ್ರೋನ್ ಬಾಡಿಗೆಗೆ ಇದೆ ಎಂದು ಹಾಕಿದರು, ಎಲ್ಲರೂ ಆ ಕಡೆ ಹೋದರು. ಸುಳ್ಳು ಓದಿದ ದಿನ ಎಷ್ಟೊಂದು ಜನ ಫೋನ್ ಮಾಡಿದ್ದರು! ಇದು ಆಗುವ ಮಾತಲ್ಲ ಎಂದು ನಾನೇ ಸ್ಟುಡಿಯೋ ಸ್ಟುಡಿಯೋ ಹತ್ತಿ ಇಳಿಯತೊಡಗಿದೆ. ಚನ್ನಗಿರಿ, ಸಂತೇಬೆನ್ನೂರು, ತ್ಯಾವಣಿಗೆ. "ಹೋದೋರ ವಿಷಯ ಈಗ್ಯಾಕಪ್ಪ, ಬಿಡು" ಅಂದವರೇ ಹೆಚ್ಚು. ಬಿಡಲಿಲ್ಲ, ಕೂತು ಪೂರ್ತಿ ಹೇಳಿದೆ.

ನಿನ್ನೆ ಜಗಳೂರಿಗೆ ಹೋಗಿದ್ದೆ. ಓಬಳೇಶಣ್ಣ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು: "ಆಯಮ್ಮ ಇಲ್ಲಿಗೆ ಬಂದಿದ್ರು ಕಣಪ್ಪ. ಯಾಕೆ ಯಾರೂ ಮಷೀನ್ ಕೊಡ್ತಿಲ್ಲ, ನಂದೇನು ತಪ್ಪಾಗೈತೆ ಅಂತ ಕೇಳಿದ್ರು. ಗ್ರೂಪಿನಾಗೆ ಯಾರೋ ಹಿಂಗೆ ಹಾಕ್ಯಾರೆ ಅಂದೆ. ನಿನ್ನ ಹೆಸರು ಹೇಳಾಕೆ ನನಗೆ ಬಾಯಿ ಬರಲಿಲ್ಲ."

"ಅದಕ್ಕೆ ಏನಂದ್ರಣ್ಣ?"

"'ನಮ್ಮ ರುದ್ರೇಶ ಆ ಗ್ರೂಪಿನಾಗೆ ಅದಾನಲ್ರೀ, ಅವನಿಗೆ ಫೋನ್ ಮಾಡ್ತೀನಿ, ನನ್ನ ಪರ ಅವನು ಒಂದು ಮಾತು ಹೇಳ್ತಾನೆ' ಅಂದ್ರು. ಇಲ್ಲೇ ನಿಂತು ಮಾಡಿದ್ರು, ಎರಡು ಸಲ."

ಎರಡೂ ಕರೆ ನನಗೆ ಬಂದಿದ್ದವು ಅಕ್ಕಾ. ನಿಮ್ಮ ಹೆಸರು ನೋಡಿ, ಗೊತ್ತಾಗಿಹೋಗಿದೆ, ಬೈಯಲು ಮಾಡಿದ್ದಾರೆ ಎಂದು ಮೊಬೈಲನ್ನು ಬೋರಲು ಹಾಕಿ ಕೂತಿದ್ದೆ. ಇಷ್ಟು ದಿನ, ನೀವು ಗೊತ್ತಿದ್ದೇ ಹೋದಿರಿ ಎಂದು ಹೆದರಿಕೊಂಡಿದ್ದೆ. ನೀವು ಹೋದದ್ದು ನನ್ನನ್ನು ನಂಬಿಕೊಂಡು. ಇದಕ್ಕಿಂತ ಅದೇ...

ಹಾಕಿದ್ದು ಯಾರೋ ಅಲ್ಲ, ನಾನು. ಶಮಾಗೆ ಇದಿನ್ನೂ ತಿಳಿದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊನ್ನಾಳಿಗೆ, ಅವಳ ಮನೆಗೆ ಬರುತ್ತೇನೆ. ಅವಳು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು, ಅಕ್ಕಪಕ್ಕದವರು ಕೇಳಿದರೂ ಸರಿ, ಒಂದನ್ನೂ ಬಿಡದೆ ಹೇಳಿ ಬರುತ್ತೇನೆ.

ರುದ್ರೇಶ