ಬ್ರಿಟಾಳ ಸಹಿ

ಡೆವಿಲ್ಸ್ ಲೇಕ್, ನಾರ್ತ್ ಡಕೋಟ
ಮಾರ್ಚ್ ೧೩, ೨೦೦೮

ಮುದ್ದು ಬ್ರಿಟಾ,

ಚೆನ್ನಾಗಿದ್ದೀಯಾ? ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದೆ, ಸಿಟ್ಟಿನಲ್ಲಿ ಬರೆದದ್ದೆಂದು ಹರಿದುಹಾಕಿದೆ. ಇಲ್ಲಿ ಕೆರೆಯ ಮೇಲಿನ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದೆ. ಜನ ಅದರ ಮೇಲೆ ಗುಡಿಸಲಿಟ್ಟುಕೊಂಡು, ತೂತು ಕೊರೆದು ಮೀನು ಹಿಡಿಯುತ್ತಲೇ ಇದ್ದಾರೆ.

ನಡೆದದ್ದನ್ನು ಹೇಳುತ್ತೇನೆ. ಕಳೆದ ತಿಂಗಳು ಮಾಜಿ ಸೈನಿಕರ ಇಲಾಖೆಯಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ನಿನ್ನಪ್ಪ ಇರಾಕಿನಲ್ಲಿ ತೀರಿಕೊಂಡ ಮೇಲೆ ನಿನ್ನ ಹೆಸರಿನಲ್ಲಿ ನಮ್ಮಿಬ್ಬರ ಖಾತೆಗೆ ತಿಂಗಳು ತಿಂಗಳು ಬರುತ್ತಿದ್ದ ಪರಿಹಾರ ಇನ್ನು ಬರುವುದಿಲ್ಲವಂತೆ. ಮೃತ ಯೋಧರ ಮಕ್ಕಳಿಗೆ ಕೊಡುವ ಓದಿನ ನೆರವನ್ನು ನೀನು ಆರಿಸಿಕೊಂಡೆಯಂತೆ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಓದಿನ ನೆರವು ಶುರುವಾದರೆ ಮತ್ತೆ ಪರಿಹಾರ ಬೇಕೆಂದರೂ ಸಿಗುವುದಿಲ್ಲ. ನನಗೆ ಒಂದು ಮಾತೂ ಹೇಳದೆ ನೀನು ಹೀಗೆ ಮಾಡುವವಳಲ್ಲ. ಯಾರೋ ನಿನ್ನಿಂದ ಸಹಿ ಹಾಕಿಸಿದ್ದಾರೆ, ಇಲ್ಲವೆ ತಾವೇ ಹಾಕಿದ್ದಾರೆ ಅಂದುಕೊಂಡೆ.

ಮೊದಲು ನಿನ್ನ ಕಾಲೇಜು ಕಚೇರಿಯ ಹೆಂಗಸಿನ ಮೇಲೆ ಅನುಮಾನ ಬಂತು. ಫೋನ್ ಮಾಡಿದರೆ, ವಿದ್ಯಾರ್ಥಿಯ ವಿಷಯ ತಾಯಿಗೂ ಹೇಳುವಂತಿಲ್ಲ ಎಂದಳು. ಏನೋ ಮುಚ್ಚಿಡುವ ದನಿ. ಆಮೇಲೆ ನಿನ್ನ ನೊರೀನ್ ಅತ್ತೆಯ ಮೇಲೆ. ನಿನ್ನನ್ನು ಹಾಸ್ಟೆಲಿಗೆ ಬಿಟ್ಟುಬಂದವಳು ಅವಳು. ತನ್ನ ತಮ್ಮ ಸತ್ತಿದ್ದಕ್ಕೆ ಬಂದ ದುಡ್ಡಿನಲ್ಲಿ ನಾನು ಅಡುಗೆಮನೆ ಹೊಸದು ಮಾಡಿಸಿಕೊಂಡೆನೆಂದು ಊರಿಗೆಲ್ಲ ಹೇಳಿದವಳೂ ಅವಳೇ. ಅವಳ ಕಾರು ನಮ್ಮ ಮನೆ ಮುಂದೆ ನಿಧಾನವಾಗುವುದನ್ನು ಕಿಟಕಿಯಿಂದ ಎರಡು ಸಲ ನೋಡಿದ್ದೆ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿಯ ಹೊತ್ತಿಗೆ, ಎಲ್ಲರೆದುರೇ ಕೇಳಿಬಿಟ್ಟೆ. “ಬ್ರಿಟಾಳ ಸಹಿ ನೀನೇ ಹಾಕಿದ್ದಲ್ವಾ, ನೊರೀನ್?”

ಅವಳು ಕೈಯಲ್ಲಿದ್ದ ಆಲೂಗಡ್ಡೆ ಹಾಟ್‌ಡಿಷ್ ಅಡುಗೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. “ಆ ಕಾಗದ ನಾನು ಕಣ್ಣಲ್ಲೂ ನೋಡಿಲ್ಲ ಕಣೆ. ನನ್ನ ತಮ್ಮ ಆರ್ಡನ್ ಹೋದಾಗಿಂದ ನಿನಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ. ನನ್ನ ವಿಷ್ಯ ಬಿಡು, ಆ ಹುಡುಗೀನಾದ್ರೂ ಉಸಿರಾಡೋಕೆ ಬಿಡು.”

ಕೋಟು ಹಾಕಿಕೊಂಡು ಹೊರಟುಹೋದಳು.

ನಾನು ಅಷ್ಟಕ್ಕೇ ಬಿಡಲಿಲ್ಲ. ಮಂಗಳವಾರ, ಜಿಲ್ಲಾ ಕಚೇರಿಯಲ್ಲಿ ಯೋಧರ ಕುಟುಂಬಗಳ ಅರ್ಜಿ ನೋಡಿಕೊಳ್ಳುವ ಟಾಲೆಫ್ಸನ್ ಹತ್ತಿರ ಹೋದೆ. ಇದರಲ್ಲಿ ಮೋಸವಿದೆ, ತನಿಖೆ ಮಾಡಿಸಿ ಎಂದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು.

“ಮಾರ್ಲಿಸ್, ಕ್ರಿಸ್ಮಸ್ ರಜೆಯಲ್ಲಿ ಬ್ರಿಟಾ ಇಲ್ಲೇ ಬಂದಿದ್ಲು. ನೀವು ಕೂತಿರೋ ಕುರ್ಚೀಲೇ ಕೂತು, ಮೂರು ಸಲ ಓದಿ ಸಹಿ ಹಾಕಿದ್ಲು.”

ಹದಿನೆಂಟು ತುಂಬಿದ ಮೇಲೆ ಆಯ್ಕೆ ನಿನ್ನದೇ ಅಂತೆ. ನಿನ್ನ ನರ್ಸಿಂಗ್ ಓದಿಗೆ ಆ ನೆರವೇ ಒಳ್ಳೆಯದಂತೆ. ವಿಧವೆಯೆಂದು ನನಗೆ ಬರುವುದು ಬರುತ್ತಲೇ ಇರುತ್ತದಂತೆ. ಅದು ನಿಲ್ಲುವುದಾದರೆ ಸಹಿ ಹಾಕುವುದಿಲ್ಲವೆಂದು ನೀನು ಮೊದಲೇ ಹೇಳಿದ್ದೆಯಂತೆ. ಅದನ್ನು ಕೇಳಿ ನನಗೆ ತಲೆಯೆತ್ತಲಾಗಲಿಲ್ಲ.

ಅಲ್ಲಿಂದ ನೇರ ನೊರೀನ್ ಮನೆಗೆ ಹೋಗಿ ತಪ್ಪಾಯಿತು ಎಂದೆ. ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ.

ನೀನು ಓದು. ಅದು ನಿನ್ನಪ್ಪ ನಿನಗೆಂದೇ ಬಿಟ್ಟುಹೋದದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು, ಚಳಿಯಲ್ಲಿ ತಲೆ ಮುಚ್ಚಿಕೊಂಡು ಓಡಾಡು. ದೇವರು ನಿನ್ನ ಕೈಬಿಡದಿರಲಿ.

ನಿನ್ನ ಅಮ್ಮ,
ಮಾರ್ಲಿಸ್

ಪತ್ರಕ್ಕೆ ಸಹಿ ಹಾಕಿದ ಮೇಲೆ: ನಾನು ಪಟ್ಟು ಬಿಡದಿದ್ದಾಗ ಟಾಲೆಫ್ಸನ್ ನಿನ್ನ ಅರ್ಜಿಯ ಒಂದು ಸಾಲನ್ನು ತೋರಿಸಿದರು. ವಿಳಾಸದ ಪಕ್ಕದಲ್ಲಿ ನೀನು ಬರೆದಿದ್ದೆ: “ಮನೆಗೆ ಕಳಿಸಬೇಡಿ. ಅಮ್ಮ ನನ್ನ ಕಾಗದಗಳನ್ನು ಒಡೆದು ಓದುತ್ತಾಳೆ.” ಸುಳ್ಳು ಎಂದೆ ಅವರಿಗೆ. ಸುಳ್ಳಲ್ಲ. ದೂರದ ಮಾಂಟಾನದ ಕಾಲೇಜು ಉತ್ತರವನ್ನೇ ಬರೆಯಲಿಲ್ಲವೆಂದು ಹೋದ ವರ್ಷ ನೀನು ಕಣ್ಣೀರಿಟ್ಟೆಯಲ್ಲ, ಅದು ಬರೆದಿತ್ತು. ಸೀಟು ಕೊಟ್ಟಿತ್ತು. ನಿನ್ನಪ್ಪನ ಶವಪೆಟ್ಟಿಗೆ ಬಂದು ಆಗ ಐದು ವಾರ. ಈ ಮನೆಯಲ್ಲಿ ಒಬ್ಬಳೇ ಇರಲು ನನ್ನಿಂದ ಆಗುತ್ತಿರಲಿಲ್ಲ. ನಾನು ಬಚ್ಚಿಟ್ಟಿದ್ದ ಆ ಕಾಲೇಜಿನ ಪತ್ರವನ್ನು ಈ ಲಕೋಟೆಯೊಳಗೇ ಇಟ್ಟಿದ್ದೇನೆ. ಬೀರುವಿನಿಂದ ತೆಗೆಯುವಾಗ ನೋಡಿದೆ, ನಾನು ಇಟ್ಟ ಹಾಗೆ ಇರಲಿಲ್ಲ, ಮಡಿಚಿದ ರೀತಿ ಬದಲಾಗಿತ್ತು. ಕ್ರಿಸ್ಮಸ್‌ಗೆ ಬಂದಾಗಲೇ ನೀನು ಓದಿದ್ದೆಯಾ, ಬ್ರಿಟಾ?