ಎಡದ್ದು ಬಲಕ್ಕೆ

ಹಾಸ್ಟೆಲ್, ಪುಣೆ
೧ ಡಿಸೆಂಬರ್ ೧೯೮೮

ಪ್ರೀತಿಯ ನೌಶೀರ್ ಕಾಕಾ,

ಹೇಗಿದ್ದೀರಿ? ಬಪೈಜಿಯ ಮಂಡಿನೋವು ಹೇಗಿದೆ? ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಸಬ್ಮಿಶನ್ ಇತ್ತು, ಆಮೇಲೆ ಜ್ವರ ಬಂತು ಎಂದೆಲ್ಲ ಬರೆಯಬಹುದು. ಜ್ವರ ಬಂದದ್ದು ನಿಜ, ಒಂದೇ ದಿನ. ಉಳಿದ ದಿನ ‘ಪ್ರೀತಿಯ ಕಾಕಾ’ ಎಂದು ಬರೆದು ಎದ್ದುಹೋಗುತ್ತಿದ್ದೆ. ಸಾರಿ.

ಬಪೈಜಿ ಮೊಮ್ಮಗನಿಗೆಂದು ಕಳಿಸಿದ ಖಾರಿ ಬಿಸ್ಕತ್ತನ್ನು ರೂಮಿನವರು ಕೂತಲ್ಲೇ ಮುಗಿಸಿದರು. ನನಗೆ ಉಳಿದದ್ದು ಡಬ್ಬಿ. ಡ್ರಾಯಿಂಗ್ ಪರೀಕ್ಷೆಯ ವಿಷಯ ಈಗ ಕೇಳಬೇಡಿ.

ಜಾಗ್ವಾರ್ ಕಾರನ್ನು ಲೋನಾವಳದ ಹೋಟೆಲಿನವನಿಗೆ ಕೊಡುತ್ತೇನೆ, ನಾಲ್ಕನೇ ತಾರೀಖು ಭಾನುವಾರ ಲಾರಿ ತರುತ್ತಾನೆ, ಬಾಗಿಲಲ್ಲಿ ನೋಟಕ್ಕೆ ನಿಲ್ಲಿಸುತ್ತಾನಂತೆ ಎಂದು ಬರೆದಿದ್ದೀರಿ. ಅದರ ಕೆಳಗಿನ ಸಾಲನ್ನು ನಾನು ಎರಡನೇ ಸಲ ಓದಲಾರೆ. ‘ಬ್ರೇಕ್ ಹಿಡಿಯದ ಕಾರು ನಿಂತೇ ಇರಲಿ. ತಪ್ಪು ಅದರದಲ್ಲ ದೀಕ್ರಾ, ನನ್ನ ಕೈಯ ಹಿಡಿತ ಹೋಯಿತು.’

ದೀಪಾವಳಿ ರಜೆಯಲ್ಲಿ ಎಷ್ಟು ಖುಷಿಯಾಗಿದ್ದಿರಿ. ಮುಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್ ಎರಡನ್ನೂ ಬಿಚ್ಚಿ ಅಂಗಳದಲ್ಲಿ ಪೇಪರ್ ಹಾಸಿ ಇಟ್ಟಿದ್ದಿರಿ. ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ ಪಂಕ್ಚರ್ ಅಂಗಡಿಯಿಂದ ತಂದ ಪಂಪಿನ ಗಾಳಿಗೆ ಠಪ್ಪೆಂದು ಚಿಂದಿಬಟ್ಟೆಯೊಳಗೆ ಬಿದ್ದಾಗ ಬಪೈಜಿ ಬಾಲ್ಕನಿಯಿಂದ ಕೂಗಿದರು: ‘ಏನ್ರೋ ಹೆತ್ರಿ ಇಬ್ರೂ ಸೇರ್ಕೊಂಡು? ಗಂಡೋ ಹೆಣ್ಣೋ?’

‘ನಿನ್ನ ಹಾಗೇ ಇದೆ ಮಮ್ಮಾ, ಹೊರಗೆ ಬರೋಕೆ ಹಟ,’ ಎಂದಿರಿ ನೀವು.

ಪಿಸ್ಟನ್ನಿನ ಹೊಸ ರಬ್ಬರ್ ಸೀಲುಗಳನ್ನು ಬ್ರೇಕ್ ಎಣ್ಣೆಯಲ್ಲಿ ಅದ್ದಿ, ಬೆರಳತುದಿಯಿಂದಲೇ ಕೂರಿಸಿದಿರಿ. ಆಮೇಲೆ ಸ್ಪ್ಯಾನರ್ ನನ್ನ ಕೈಗಿಟ್ಟು, ‘ಚಕ್ರಕ್ಕೆ ಹಾಕೋದು ನಿನ್ನ ಕೆಲಸ, ಇಂಜಿನಿಯರ್ ಸಾಹೇಬ. ನನ್ನ ಸೊಂಟ ಬಗ್ಗಲ್ಲ,’ ಎಂದಿರಿ. ಹಾಕಿದೆ. ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ನೀವು ಒಳಗೆ ಕೂತು ಪೆಡಲ್ ಒತ್ತಿದಿರಿ, ನಾನು ಚಕ್ರದ ಬಳಿ ಕೂತು ಕ್ಯಾಲಿಪರಿನ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಿದೆ.

‘ಒತ್ತಿ.’

‘ಒತ್ತಿದೆ. ಬಿಡ್ಲಾ?’

‘ಬಿಡಿ.’

ಮಧ್ಯಾಹ್ನವೆಲ್ಲ ಇದೇ. ಪೆಡಲ್ ಮೆತ್ತಗೆ ತಳಕ್ಕೆ ಹೋಗುತ್ತಲೇ ಇತ್ತು. ‘ಮಸ್ಕಾ ಮೇಲೆ ಕಾಲಿಟ್ಟ ಹಾಗಿದ್ಯಾ? ಪಾವ್ ತರ್ಲಾ, ಹಚ್ಕೊಳ್ಳೋಕೆ?’ ಎಂದರು ಬಪೈಜಿ. ನೀವು ನಗಲಿಲ್ಲ. ಕೆಳಗಿಳಿದು, ಬೆರಳುಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಿರಿ. ‘ಸೀಲ್ ಹಾಕ್ವಾಗ ಕೈ ನಡುಗ್ತೇನೋ, ನೋಡಿದ್ಯಾ ನೀನು?’ ಎಂದು ಮೆಲ್ಲಗೆ ಕೇಳಿದಿರಿ. ನಾನು ಕೈ ತೊಳೆಯಲು ಹೋದೆ.

ಕಾಕಾ, ನಡುಗಿರಲಿಲ್ಲ. ನಿಮ್ಮ ಸೀಲುಗಳಲ್ಲಿ ಏನೂ ತಪ್ಪಿಲ್ಲ. ಎಡಗಡೆಯ ಕ್ಯಾಲಿಪರನ್ನು ನಾನು ಬಲಕ್ಕೆ ಹಾಕಿದ್ದೇನೆ, ಬಲದ್ದನ್ನು ಎಡಕ್ಕೆ. ಮೇಲಿರಬೇಕಾದ ನಿಪ್ಪಲ್ ಈಗ ನೆಲ ನೋಡುತ್ತಿದೆ. ಬಿಚ್ಚಿದರೆ ಎಣ್ಣೆ ಸುರಿಯುತ್ತದೆ, ಗಾಳಿ ಮೇಲೆಯೇ ಕೂತಿರುತ್ತದೆ. ಮೊನ್ನೆ ವರ್ಕ್‌ಶಾಪಿನಲ್ಲಿ ಸರ್ ಎಣ್ಣೆಯ ಬಾಟಲಿ ತಲೆಕೆಳಗು ಮಾಡಿ ಗುಳ್ಳೆ ಮೇಲಕ್ಕೇರುವುದನ್ನು ತೋರಿಸಿದಾಗ ನನಗೆ ಹೊಳೆಯಿತು.

ಎರಡನ್ನೂ ಅದಲುಬದಲು ಮಾಡಿಸಿ ಗಾಳಿ ತೆಗೆಯಿರಿ. ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ. ಲಾರಿಯವನಿಗೆ ದಯವಿಟ್ಟು ಬರಬೇಡ ಎನ್ನಿ. ವಾರ್ಡನ್ ಎದುರು ಫೋನಿನಲ್ಲಿ ಇದನ್ನು ಹೇಳಲು ನನ್ನಿಂದಾಗಲಿಲ್ಲ. ನಾಳೆ ಬೊಂಬಾಯಿಗೆ ಹೊರಡುವ ರೂಮಿನ ಹುಡುಗನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಬಪೈಜಿಗೆ ನನ್ನ ಮುತ್ತು. ಸಂಜೆ ದೀಪ ಹಚ್ಚುವಾಗ ನನ್ನ ಹೆಸರು ಬಿಡದಿರಲಿ. ನಿಮ್ಮ ಆಶೀರ್ವಾದ ಕೇಳಲು ಈ ಸಲ ನನಗೆ ಮುಖವಿಲ್ಲ, ಆದರೂ ಬೇಕು.

ನಿಮ್ಮ
ಹೋರ್ಮಜ್

ತಾ.ಕ.: ವರ್ಕ್‌ಶಾಪಿನ ಮಾತು ಸುಳ್ಳು. ಬೋಲ್ಟ್ ಬಿಗಿಯುವಾಗಲೇ ನಿಪ್ಪಲ್ ಕೆಳಗಿರುವುದು ಕಂಡಿತ್ತು. ನೀವು ಒತ್ತುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣೆದುರೇ ಇತ್ತು. ಬ್ರೇಕ್ ಸರಿಯಾದರೆ ಅದೇ ಕಾರಿನಲ್ಲಿ ನನ್ನನ್ನು ಪುಣೆಗೆ ಬಿಟ್ಟುಬರುವುದಾಗಿ ಬೆಳಿಗ್ಗೆಯಷ್ಟೇ ಹೇಳಿದ್ದಿರಿ. ಅಮ್ಮ ತೀರಿಕೊಂಡ ವರ್ಷದಿಂದ ಪ್ರತಿ ಜೂನ್‌ನಲ್ಲೂ ನೀವು ನನ್ನನ್ನು ಪಂಚಗಣಿಯ ಬೋರ್ಡಿಂಗ್ ಶಾಲೆಗೆ ಬಿಟ್ಟುಬಂದದ್ದು ಆ ಕಾರಿನಲ್ಲೇ. ಶಾಲೆಯ ಗೇಟು ಕಂಡಾಗಲೆಲ್ಲ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು, ಇವತ್ತೊಂದು ದಿನ ಬ್ರೇಕ್ ಹಿಡಿಯದಿರಲಿ, ಗೇಟು ದಾಟಿ ಮುಂದೆ ಹೋಗಿಬಿಡಲಿ ಎಂದು ಬೇಡುತ್ತಿದ್ದೆ. ನಿಮ್ಮ ಕೈಯ ಬ್ರೇಕ್, ಕಾಕಾ. ಒಂದು ಸಲವೂ ತಪ್ಪಲಿಲ್ಲ.