ದನಿಗೆ ಹದಿನೈದು ದಿನ ರಜಾ

ನವೆಂಬರ್ 11, ಮಂಗಳವಾರ. ಮಧ್ಯಾಹ್ನ 2

ಎರಡನೇ ಟ್ರಿಪ್ ಮುಗೀತು. ಬಾಗೇವಾಡಿ ಬಿಟ್ಟ ಮ್ಯಾಲ ದನಿ ಪೂರಾ ಹೋತು. "ಹಿಪ್ಪರಗಿ ಇಳಿಯೋರು" ಅನ್ನಾಕ ಬಾಯಿ ತೆರದೆ — ಬರೇ ಗಾಳಿ. ಶ್ರೀಶೈಲಪ್ಪ ಅಣ್ಣಾರ ಸ್ಟೇರಿಂಗ್ ಮುಂದಿಂದ ತಾವ ಕೂಗಿದ್ರು. ಹನ್ನೊಂದು ವರ್ಷ ಆತು, ಅವರು ಡ್ರೈವರ್, ನಾ ಕಂಡಕ್ಟರ್. ನನ್ನ ಮಾತು ಅವರು ಆಡಿದ್ದು ಇವತ್ತ ಮೊದಲು.

ನವೆಂಬರ್ 12

ವಿಜಾಪುರ. ಗಂಟಲ ಡಾಕ್ಟರು ನಳಿಗಿ ಹಾಕಿ ನೋಡಿದ್ರು. ಎರಡು ಗಂಟು, ಜ್ವಾಳದ ಕಾಳಿನಷ್ಟು. ಹದಿನೈದು ದಿನ ಒಂದ ಮಾತೂ ಆಡಬಾರದು, ಪಿಸುಮಾತೂ ಇಲ್ಲ. ಆಡಿದ್ರ ದನಿ ಮೊದಲಿನಂಗ ಬರತೈತಿ ಅಂತ ಗ್ಯಾರಂಟಿ ಇಲ್ಲ.

ಅಲ್ಲಿಂದ ಡಿಪೊ. ರಜಾ ನೋಡೂ ಕ್ಲರ್ಕ್ ಅನಿಲ — ಒಳ್ಳೆ ಮನಶ್ಯಾ, ಆದ್ರ ಕಾಗದದ ಮನಶ್ಯಾ.

"ಡಾಕ್ಟರ್ ಸರ್ಟಿಫಿಕೇಟ್ ಐತಿ, ಸಿಕ್ ಲೀವ್ ಸಿಗತೈತ್ರಿ ಮೇಡಂ. ವಾಪಸ್ ಬರೂವಾಗ ಫಿಟ್ನೆಸ್ ತರ್ರಿ. ಅದಿಲ್ಲದ ಡ್ಯೂಟಿ ಇಲ್ಲ."

ತಲಿ ಅಲ್ಲಾಡಿಸಿದೆ. ರಜಾ ನಿಯಮದ ಜೆರಾಕ್ಸ್ ಕೈಯಾಗಿಟ್ಟ. ಹೆಂಗೂ ಮಾತಿಲ್ಲ, ಓದ್ಕೋತ ಕುಂದರ್ರಿ ಅಂದ.

ನವೆಂಬರ್ 14. ಮಧ್ಯಾಹ್ನ

ಮನಿಗೆ ಇಷ್ಟು ಸಪ್ಪಳ ಇರತೈತಿ ಅಂತ ಗೊತ್ತಿರಲಿಲ್ಲ. ಅತ್ತಿ ರೊಟ್ಟಿ ಬಡಿಯೂದು. ಮನಿಯವರ ಹೊಲಿಗಿ ಮಷಿನ್ನು ಓಡಿ, ನಿಂತು, ಮತ್ತ ಓಡೂದು. ನಾ ಸುಮ್ಮನಿದ್ರ ಅವು ಒಂದಕ್ಕೊಂದು ಮಾತಾಡ್ತಾವು.

ಕಣ್ಣು ಮುಚ್ಚಿದ್ರ ಮಂಚ ಬಸ್ಸಿನಂಗ ತೂಗತೈತಿ. ತೊಗರಿ ಹೂ ಬಿಟ್ಟ ಹೊಲದಾಗ ಹೊಂಟೈತಿ, ರಸ್ತಾ ಇಲ್ಲ... ಹಳದಿ, ಬರೇ ಹಳದಿ. ಯಾರೂ ಕೈ ಮಾಡಂಗಿಲ್ಲ. ಯಾರೂ ಚಿಲ್ಲರೆ ಕೇಳಂಗಿಲ್ಲ.

"ಎಲ್ಲಿಗಿ ಹೋಗಿದ್ದಿ? ನಿದ್ದ್ಯಾಗ ನಗಾಕತ್ತಿದ್ದಿ" ಅಂದ್ರು ಅತ್ತಿ.

ಕೈಲೆ ಸ್ಟೇರಿಂಗ್ ತಿರುವಿ ತೋರಿಸಿದೆ.

ನವೆಂಬರ್ 17. ಸಂಜಿ

ಶ್ರೀಶೈಲಪ್ಪ ಅಣ್ಣಾರ ಬಂದಿದ್ರು. ವಾರದ ರಜಾ ಅವರಿಗೆ. ಇಂಡಿ ಊರಿಂದ ತಂದ ಲಿಂಬಿಹಣ್ಣು ಒಂದ ಚೀಲ. ಚಾ ಕುಡದ್ರು. ಅತ್ತಿ ಒಳಗ ಹೋದ ಮ್ಯಾಲ ಶುರು ಮಾಡಿದ್ರು.

"ತಂಗಿ, ಕಣ್ಣು ಸರಿ ಇಲ್ಲ ನಂದು. ಸಂಜಿ ಟ್ರಿಪ್ಪಿನ್ಯಾಗ ಎದುರಿನ ಗಾಡಿ ಲೈಟ್ ಬಿತ್ತಂದ್ರ ಎಲ್ಲಾ ಹಾಲು ಚೆಲ್ಲಿದಂಗ. ರಸ್ತಾ ಅಲ್ಲೇ ಇರತೈತಿ ಅಂತ ನಂಬಿ ಹೊಡೀತೇನಿ. ನೀ ಊರು ಕೂಗತಿದ್ದಿ, ಎಲ್ಲಿ ಬಂದೇವಿ ಅಂತ ತಿಳೀತಿತ್ತು. ಈಗ ಬಂದಿರೂ ಬದಲಿ ಕಂಡಕ್ಟರ್ ಕೂಗಂಗಿಲ್ಲ."

ಚೀಟಿ ಮ್ಯಾಲ ದೊಡ್ಡ ಅಕ್ಷರದಾಗ ಬರದೆ — ರಜಾ ತಗೊಳ್ರಿ.

ಕಣ್ಣಿಗೆ ಹತ್ರ ಹಿಡದು ಓದಿ ನಕ್ಕರು.

"ರಜಾ ಕೇಳಿದ್ರ ತಪಾಸಣಿ. ತಪಾಸಣಿ ಅಂದ್ರ ಅನ್‌ಫಿಟ್. ಅನ್‌ಫಿಟ್ ಅಂದ್ರ ಮನಿ. ಇನ್ನ ನಾಕು ವರ್ಷ ಸರ್ವಿಸ್ ಐತಿ. ಮನ್ಯಾಗ ಗುಂಡವ್ವಗೂ ಹೇಳಿಲ್ಲ. ನೀ ಮಾತಾಡಂಗಿಲ್ಲ ಅಂತ ನಿನ್ನ ಮುಂದ ಹೇಳಿದೆ."

ಹೋದ್ರು. ಅಂಗಳದ ಮೆಟ್ಟಲ ಇಳಿಯೂವಾಗ ಕಾಲಿಂದ ಹುಡುಕಿದ್ರು. ಹಗಲೊತ್ತೂ ನೋಡಿದ್ದೆ ಇದನ್ನ, ಬಸ್ಸಿಂದ ಇಳಿಯೂವಾಗ. ಎಷ್ಟೋ ಸಲ ನೋಡಿದ್ದೆ.

ನವೆಂಬರ್ 18

ಮತ್ತ ಅದ ಹಳದಿ. ಈ ಸಲ ಅಣ್ಣಾರ ಹೊಡ್ಯಾಕತ್ತಾರ. ಮುಂದಿನ ಗಾಜು ಬೆಳ್ಳಗ. "ಹಿಪ್ಪರಗಿ ಬಂತೇನು ತಂಗಿ?" ಅಂತಾರ, ಮೆತ್ತಗ. ಬಾಯಿ ತೆರೀತೇನಿ... ಹಿಂದಿನ ಸೀಟಿನ ಮಂದಿ ಎಲ್ಲಾ ನಿದ್ದಿ.

ಎದ್ದು ಜೆರಾಕ್ಸ್ ತಗದೆ. ಹಾಳಿ ತಿರುವಿ ತಿರುವಿ ಕಡೀಕ ಸಿಕ್ತು. ನೌಕರಿ ಮಾಡೂವಾಗ ಅಂಗಕ್ಕ ತೊಂದರಿ ಬಂದ್ರ ಕೆಲಸದಿಂದ ತಗಿಯೂ ಹಂಗಿಲ್ಲ. ಮಾಡಾಕ ಆಗೂವಂಥ ಬ್ಯಾರೆ ಕೆಲಸ ಕೊಡಬೇಕು, ಪಗಾರ ಅಷ್ಟ ಇರಬೇಕು. ನಾಕು ಸಲ ಓದಿದೆ. ಗೆರಿ ಎಳದು ಫೋಟೊ ಹೊಡದು ಅಣ್ಣಾರಿಗೆ ಕಳಿಸಿದೆ.

ಹೆಬ್ಬಟ್ಟು ಎತ್ತಿದ ಚಿತ್ರ ಬಂತು ವಾಪಸ್.

ನವೆಂಬರ್ 19

ಇವತ್ತೂ ಸಂಜಿ ಟ್ರಿಪ್ ಅವರ ಹೊಡದಾರಂತ, ಮನಿಯವರು ನೋಡಿ ಬಂದು ಹೇಳಿದ್ರು. ಆ ಫೋಟೊ ಓದಿಲ್ಲ. ಓದಾಕ ಕಂಡಿರಂಗಿಲ್ಲ.

ನವೆಂಬರ್ 20, ಗುರುವಾರ

ಡಾಕ್ಟರ್ ಮಾತು ಮುರದೆ.

ಸಂಜಿ ಐದೂವರಿಗೆ ಹೂವಿನ ಹಿಪ್ಪರಗಿ ಸ್ಟ್ಯಾಂಡಿನ್ಯಾಗ ನಿಂತಿದ್ದೆ. ಬಸ್ಸು ಬಂತು. ಡ್ರೈವರ್ ಬಾಗಲ ಹತ್ರ ಹೋದೆ.

"ಅಣ್ಣಾರ, ಇಳೀರಿ."

ತಗಡು ಕೆರದಂಗ ದನಿ. ನಂದು ಅಂತ ಗುರ್ತ ಹತ್ತಲಿಲ್ಲ.

"ನಿನಗ ಮಾತು ಬಂದ್ ಐತಲ್ಲ" ಅಂದ್ರು ಗಾಬರ್ಯಾಗಿ.

"ಫೋಟೊ ಓದಿರೇನು?"

ಗೇರಿನ ಮ್ಯಾಲ ಕೈ ಇಟ್ರು.

"ತಗದು ಹಾಕೂ ಹಂಗಿಲ್ಲಂತ ಐತ್ರಿ. ಬ್ಯಾರೆ ಕೆಲಸ ಕೊಡಬೇಕಂತ."

"ಕಾಗದದಾಗ ಏನೇನೋ ಇರತೈತಿ ತಂಗಿ. ಬಾಜೂಕ ಸರಿ, ಹೊತ್ತಾತು."

"ಹಿಂದ ನಲವತ್ತು ಮಂದಿ ಕುಂತಾರ. ನೀವು ಹೇಳಲಿಲ್ಲಂದ್ರ ನಾ ಡಿಪೊಕ್ಕ ಫೋನ್ ಮಾಡ್ತೇನಿ."

ಪರಕೀ ಹೆಂಗಸನ್ನ ನೋಡಿದಂಗ ನೋಡಿದ್ರು. "ಹನ್ನೊಂದು ವರ್ಷ" ಅಂದ್ರು. ಅಷ್ಟ. ಇಂಜಿನ್ ಬಂದ್ ಮಾಡಿದ್ರು, ಇಳದ್ರು, ಕಟ್ಟಿ ಮ್ಯಾಲ ಕುಂತು ತಾವ ಫೋನ್ ಹಚ್ಚಿದ್ರು.

"ಸಾಹೇಬ್ರ, ಕಣ್ಣು ಕಾಣವಲ್ದು. ಗಾಡಿ ಹೊಡಿಯೂದಿಲ್ಲ ನಾ."

ಮಂದಿ ಗೊಣಗಿದ್ರು. ತಾಸಿನ ಮ್ಯಾಲ ಬ್ಯಾರೆ ಡ್ರೈವರ್ ಬಂದ. ಅಣ್ಣಾರ ಅದ ಬಸ್ಸಿನ್ಯಾಗ ಪ್ಯಾಸೆಂಜರ್ ಆಗಿ ಕುಂತು ಹೋದ್ರು. ನನ್ನ ಕಡೆ ನೋಡಲಿಲ್ಲ.

ನವೆಂಬರ್ 27

ಡಾಕ್ಟರ್ ಬೈದ್ರು. ಗಂಟಲು ಮತ್ತ ಕೆಂಪಗಾಗೈತಿ. ಫಿಟ್ನೆಸ್ ಇಲ್ಲ, ಇನ್ನ ಹದಿನೈದು ದಿನ. ಒಡಕು ದನಿ ಹಂಗ ಉಳಿಬಹುದು ಅಂದ್ರು. ಬಸ್ಸಿನ್ಯಾಗ ಕಿಡಕಿಗೆ ತಲಿ ಹಚ್ಚಿ ಬಂದೆ. ಮನಗೂಳಿ ಬಂತು, ಹೋತು. ಸ್ವಲ್ಪ ಅತ್ತೆ. ಸಪ್ಪಳ ಇಲ್ಲದ.

ರಜಾ ಮುಂದುವರಿಸಾಕ ಅನಿಲನ ಕಡೆ ಹೋದ್ರ ಅವನೇ ಅಣ್ಣಾರ ಸುದ್ದಿ ಹೇಳಿದ. ಅಣ್ಣಾರಿಗೆ ಎರಡೂ ಕಣ್ಣಿಗೆ ಪೊರಿ. ಆಪರೇಷನ್ ಐತಿ, ಸಿಕ್ ಲೀವ್ ಬರದಾರ. ಆಮ್ಯಾಲ ಕಣ್ಣು ಪಾಸ್ ಆದ್ರ ಗಾಡಿ, ಇಲ್ಲಂದ್ರ ಡಿಪೊ ಸ್ಟೋರು.

"ನಿಯಮ ಮೊದಲಿಂದ ಐತ್ರಿ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ" ಅಂದ. ತಲಿ ಎತ್ತಲಿಲ್ಲ.

ಅಣ್ಣಾರ ಏನರ ಅಂದ್ರೇನು ನನ್ನ ಬಗ್ಗೆ, ಅಂತ ಚೀಟಿ ಬರದೆ. ಹರದು ಹಾಕಿದೆ. ತೋರಸಲಿಲ್ಲ.

ಡಿಸೆಂಬರ್ 13

ಫಿಟ್ನೆಸ್ ಸಿಕ್ತು. ಡ್ಯೂಟಿ. ದನಿ ಒಡಕು. ಯಂಕಂಚಿ ಊರಿನ ಮುದುಕಿಯೊಬ್ಬಾಕಿ, ಗಂಡಸು ಕೂಗಿದಂಗಾತು ಅಂತ ಹೊಳ್ಳಿ ನೋಡಿದ್ಲು. ನಾ ನಕ್ಕೆ. ಹೊಸ ಡ್ರೈವರ್ ಮಾತು ಕಡಿಮಿ.

ಡಿಸೆಂಬರ್ 16. ಬೆಳಿಗ್ಗೆ 11, ಮುದ್ದೇಬಿಹಾಳ ಸ್ಟ್ಯಾಂಡ್

ಗುಂಡವ್ವನ ಫೋನ್ ಬಂದಿತ್ತು ಈಗ. ಅಣ್ಣಾರ ಹೆಂಡತಿ.

"ಒಂದ ಕಣ್ಣಿನ ಪಟ್ಟಿ ಬಿಚ್ಚಿದ್ರವ್ವ. ನನ್ನ ಮಾರಿ ನೋಡಿದ್ರು, ಭಾಳ ಹೊತ್ತು. ಯಾವಾಗ ಇಷ್ಟ ಬೆಳ್ಳಗಾತ ಗುಂಡಾ ನಿನ್ನ ಕೂದಲಾ, ಅಂದ್ರು. ಆಮ್ಯಾಲ ಅತ್ತರು."

ಅವರ ಕೈಯಾಗ ಕೊಡ್ರಿ ಅಂದೆ. ಇಪ್ಪತ್ತಾರು ದಿನ ಆಗಿತ್ತು ಅವರ ಮಾತು ಕೇಳಿ.

"ತಂಗಿ" ಅಂದ್ರು. "ನಿನ್ನ ದನಿ ಹಿಂಗಾತಲ್ಲ ನನ್ನಿಂದ."

"ಅದ ಬಿಡ್ರಿ ಅಣ್ಣಾರ. ಏನ ಕಾಣಾಕತ್ತೈತಿ, ಅದನ್ನ ಹೇಳ್ರಿ."

ಶುರು ಮಾಡಿದ್ರು. ನಾ ಟಿಕೆಟ್ ಮಷಿನ್ ತೊಡಿ ಮ್ಯಾಲಿಟ್ಟು ಕಣ್ಣು ಮುಚ್ಚಿ ಕೇಳಿದೆ. ಬಾಗಲ ಚೌಕಟ್ಟು. ಅದರ ಮ್ಯಾಲ ಗುಬ್ಬಿ. ಗುಬ್ಬಿ ಕೊಳ್ಳಾಗ ಕರಿ ಚುಕ್ಕಿ. ಎದುರಿನ ಮಾಳಗಿ ಮ್ಯಾಲ ಒಣಹಾಕಿದ ಕೆಂಪ ಸೀರಿ, ಅದರ ಅಂಚಿನ್ಯಾಗ ಸಣ್ಣ ಸಣ್ಣ ಹಸರ ಎಲಿ, ಎಲಿ ನಡುವ —